ಅವ್ವನ ಪಾಲಿನ ಚರಗ

ರಾಯಚೂರಿನಿಂದ ಮಾನ್ವಿಗೆ ದಿನಾ ಬಸ್ಸಿನಲ್ಲಿ ಹೋಗಿ ಮಕ್ಕಳಿಗೆ ಪಾಠ ಹೇಳಿ ಬರುವವಳು ನಾನು. ಸೀಟು ಸಿಕ್ಕಿತೆಂದರೆ ಕಲ್ಮಲ ದಾಟುವುದರೊಳಗೆ ನಿದ್ದೆ. ಮಾನ್ವಿ ಬಂದಾಗ ಕಂಡಕ್ಟರೇ “ಟೀಚರ್, ಇಳೀರಿ” ಎಂದು ಎಬ್ಬಿಸಬೇಕು. ಹನ್ನೊಂದು ವರ್ಷದಿಂದ ಇದೇ ಬಾಳು, ಸಾಕಾಗಿಹೋಗಿದೆ.

ಅವ್ವನದು ಮೂರು ವರ್ಷದಿಂದ ಒಂದೇ ರಾಗ. ಎಳ್ಳಮಾವಾಸ್ಯೆಗೆ ಕಲ್ಲೂರಿನ ಹೊಲಕ್ಕೆ ಕರೆದುಕೊಂಡು ಹೋಗಬೇಕು, ಚರಗ ಚೆಲ್ಲಬೇಕು. ಕಡುಬು, ಭಜ್ಜಿ, ಸಜ್ಜೆ ರೊಟ್ಟಿ ಕಲಸಿ, ನಿಂತ ಬೆಳೆಗೆ ಎರಚಿ ಭೂಮಿತಾಯಿಗೆ ಉಣಿಸುವ ಹಬ್ಬ ಅದು. ಹೊಲ ನಮ್ಮದಲ್ಲ. ಅವ್ವ ಅಲ್ಲಿ ನಲವತ್ತು ವರ್ಷ ಕಳೆ ತೆಗೆದಳು, ಹತ್ತಿ ಬಿಡಿಸಿದಳು. ನಾನು ಉಂಡದ್ದು, ಓದಿದ್ದು ಆ ಕೂಲಿಯಲ್ಲೇ. ಆದರೆ ಚರಗ ಚೆಲ್ಲುವವರು ಧಣಿಗಳು. ನಮ್ಮಂಥವರು ಬದುವಿನ ಮೇಲೆ ನಿಂತು ನೋಡಬೇಕು, ಆಮೇಲೆ ಕೊಟ್ಟದ್ದು ಉಣ್ಣಬೇಕು. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವ್ವನ ಕೈಯಿಂದ ಒಂದು ತುತ್ತು ಆ ಮಣ್ಣಿಗೆ ಬಿದ್ದಿರಲಿಲ್ಲ.

“ಅವರ ಹೊಲಕ್ಕ ನೀ ಯಾಕ ಉಣಿಸಬೇಕಬೇ?” ಎಂದು ರೇಗಿದ್ದೆ.

“ಹೊಲ ಅವರದ. ಉಂಡಾಕಿ ನಾನಲ್ಲೇನು?”

ಮುಂದಿನ ವರ್ಷ, ಮುಂದಿನ ವರ್ಷ ಎಂದು ಎರಡು ಸಲ ಸಾಗಹಾಕಿದೆ. ರಜೆಯೆಂದರೆ ನನಗೆ ರಾಶಿ ಬಟ್ಟೆ ಮತ್ತು ಮಧ್ಯಾಹ್ನದ ನಿದ್ದೆ. ಈ ವರ್ಷ ಅವ್ವನ ಮೊಣಕಾಲು ಪೂರ್ತಿ ಕೈಕೊಟ್ಟವು. “ಬರೂ ವರ್ಷ ನನ್ನ ಕೈಲೆ ಆಗಂಗಿಲ್ಲವ್ವ” ಎಂದಳು. ಧಣಿಯ ಮಗನಿಗೆ ಫೋನ್ ಮಾಡಿ ಕೇಳಿದೆ. “ಹೋಗ್ರಿ ಹೋಗ್ರಿ, ಯಾರು ಬ್ಯಾಡಂತಾರ” ಎಂದು ನಕ್ಕ. ಯಾಕೆ ನಕ್ಕನೋ ಆಗ ತಿಳಿಯಲಿಲ್ಲ. ಬುತ್ತಿ ಕಟ್ಟಿಕೊಂಡು ಗೊಣಗುತ್ತಲೇ ಹೊರಟೆ.

ಹೊಲ ಇರುವುದು ಮಾನ್ವಿ ರಸ್ತೆಯ ಪಕ್ಕದಲ್ಲೇ. ಬಸ್ಸಿಳಿದು ನೋಡಿದರೆ ಜೋಳವೂ ಇಲ್ಲ, ಹತ್ತಿಯೂ ಇಲ್ಲ. ಮುರುಮು ಮಣ್ಣು ಹಾಸಿದ ದಾರಿಗಳು, ಸಾಲಾಗಿ ಹಳದಿ ಬಳಿದ ಕಲ್ಲುಗಳು, ಪ್ಲಾಟು ಮಾರಾಟಕ್ಕಿವೆ ಎಂಬ ಬೋರ್ಡು. ಬೋರ್ಡಿನ ಬಣ್ಣ ಆಗಲೇ ಬಿಸಿಲಿಗೆ ಮಾಸಿತ್ತು.

ಅವ್ವ ನನ್ನ ಕಡೆ ತಿರುಗಿದಳು.

“ದಿನಾ ಇದ ದಾರ್ಯಾಗ ಹೋಗ್ತಿ. ನೋಡಿಲ್ಲೇನು?”

ನನ್ನನ್ನು ಸಾಕಿದ ಹೊಲ ಕಿಟಕಿಯಾಚೆ ಕಲ್ಲಾಗುತ್ತಿದ್ದಾಗ ನಾನು ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದೆ.

“ನಿದ್ದಿ ಹತ್ತಿರ್ತದ ಬಿಡು, ದಣದಿರ್ತಿ” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ಸತ್ತುಹೋದೆ.

“ನಡಿಯವ್ವ, ಮನಿಗೆ ಹೋಗೂಣು. ಬೆಳಿನ ಇಲ್ಲ, ಯಾರಿಗೆ ಚೆಲ್ತಿ?”

“ಬೆಳಿ ಹೋಗ್ಯಾದ. ನೆಲ ಎಲ್ಲಿ ಹೋಗ್ಯಾದ?”

ನನ್ನ ಭುಜ ಹಿಡಿದುಕೊಂಡು ಕಲ್ಲುಗಳ ನಡುವೆ ಹೆಜ್ಜೆ ಹಾಕಿದಳು. ಹಿಂದೆ ಧಣಿಗಳು ಚರಗ ಚೆಲ್ಲುವಾಗ ಕೂಗುತ್ತಿದ್ದ ಹಾಗೆಯೇ “ಹುಲ್ಲುಲ್ಲಿಗೋ” ಎಂದು ಕೂಗಿ ಬುತ್ತಿಯದನ್ನು ಎರಚಿದಳು. ಮೊದಲ ಕೂಗಿಗೆ ಗಂಟಲು ಒಡೆಯಿತು, ಎರಡನೆಯದು ಗಟ್ಟಿಯಾಗಿ ಬಂತು. ಮಾನ್ವಿಯ ಬಸ್ಸೊಂದು ಹಾದುಹೋಯಿತು. ಬುತ್ತಿಯ ತಳದಲ್ಲಿ ಉಳಿದದ್ದನ್ನು ಬಳಿದು ನನ್ನ ಅಂಗೈಗೆ ಇಟ್ಟಳು.

“ನೀನೂ ಚೆಲ್ಲು. ನೀನೂ ಇದರದ ಉಂಡಾಕಿ.”

ಚೆಲ್ಲಿದೆ. ಕೂಗಲು ಬಾಯಿ ತೆರೆದರೆ ದನಿಯೇ ಬರಲಿಲ್ಲ. ನನ್ನ ಪಾಲಿನದನ್ನೂ ಅವ್ವನೇ ಕೂಗಿದಳು.