ಮರಗೆಣಸು ತಿನ್ನದ ಎಮ್ಮೆ

ಕೂಗುವಾಗ ಚೇಡತ್ತಿಯ ಕುತ್ತಿಗೆಯ ಎಡಗಡೆ ಒಂದು ನರ ಕಿರುಬೆರಳಿನ ಗಾತ್ರಕ್ಕೆ ಉಬ್ಬುತ್ತಿತ್ತು. ಉಳಿದ ಮೈಯೆಲ್ಲ ಕಡ್ಡಿ. ಚಟ್ಟೆ ಎಂಬ ಬಿಳಿ ರವಿಕೆ, ಹಿಂದುಗಡೆ ಬೀಸಣಿಗೆಯಂತೆ ನೆರಿಗೆ ಬಿಟ್ಟ ಬಿಳಿ ಮುಂಡು. ತಿರುವಾಂಕೂರಿನಿಂದ ಕಾಡು ಕಡಿದು ಬೇಸಾಯ ಮಾಡಲು ಬಂದ ಕ್ರಿಸ್ತುವರ ಹೆಂಗಸರೆಲ್ಲ ಹಾಗೇ ಉಡುತ್ತಿದ್ದರು. ಚೇಡತ್ತಿ ಎಂದರೆ ಅವರ ಮಾತಿನಲ್ಲಿ ಅಕ್ಕ. ಆ ಬಿಳಿ ಬಟ್ಟೆಯಲ್ಲೇ ಈ ಚೇಡತ್ತಿ ಕೆಸರುಗದ್ದೆಗೆ ಇಳಿಯುತ್ತಿದ್ದರು, ಸಂಜೆ ತೋಡಿನಲ್ಲಿ ಒಗೆದು ಮರುದಿನ ಮತ್ತೆ ಅದನ್ನೇ ಉಟ್ಟು ಬರುತ್ತಿದ್ದರು.

ತೃಶ್ಶಿಲೇರಿಯಲ್ಲಿ ನಮ್ಮ ಗದ್ದೆಗೂ ಅವರ ಗದ್ದೆಗೂ ನಡುವೆ ಒಂದೇ ಬದು. ನಾವು ಮೈಸೂರು ಸೀಮೆಯಿಂದ ತಲೆಮಾರುಗಳ ಹಿಂದೆ ಬಂದು ನೆಲೆಸಿದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ. ಚೇಡತ್ತಿ ಬಂದು ಐದಾರು ವರ್ಷವಾಗಿತ್ತಷ್ಟೆ. ಬದುವನ್ನು ಅವರು ಒಂದು ಅಡಿ ನಮ್ಮ ಕಡೆಗೆ ಸರಿಸಿದ್ದಾರೆ ಎಂಬುದು ಅಪ್ಪನ ದೂರು. "ಇವತ್ತು ಬದು ತಿಂದೋರು ನಾಳೆ ಗದ್ದೆ ತಿಂತಾರೆ. ಆ ಹೆಂಗ್ಸಿನ್ ಕೂಡೆ ಮಾತು ಬ್ಯಾಡ" ಎಂದು ಅಪ್ಪ ಆಜ್ಞೆ ಮಾಡಿದ್ದರು. ನಮಗೂ ಅವರಿಗೂ ಮೊದಲು ಆ ನೆಲದಲ್ಲಿ ಓಡಾಡಿಕೊಂಡಿದ್ದ ಕಾಡಿನ ಜನರ ಬಗ್ಗೆ ಮಾತ್ರ ಎರಡು ಮನೆಯವರೂ ತುಟಿ ಬಿಚ್ಚುತ್ತಿರಲಿಲ್ಲ.

ಇನ್ನು ನಮ್ಮ ಶಾಲೆಯ ಇಂಗ್ಲಿಷ್ ಮಾಷು, ಅಂದರೆ ಮೇಷ್ಟ್ರು. ಅವರನ್ನು ನೆನೆದರೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ಒಂದು ದಿನ ಪಾಠ ಓದಲು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನಾನು ಎರಡು ಸಾಲು ಓದಿದ್ದೇ ತಡ, ಇಡೀ ತರಗತಿಯ ಕಡೆ ತಿರುಗಿ, "ಕಾಡಿನ ಬಾಯಿ ಇದು. ಇದಕ್ಕೆ ಇಂಗ್ಲಿಷ್ ಎಂಥದಕ್ಕೆ? ಕೂತ್ಕೋ" ಎಂದರು. ಅವರು ಮೊದಲು ನಕ್ಕರು, ಆಮೇಲೆ ಮಕ್ಕಳು. ಬರವಣಿಗೆಯಲ್ಲಿ ನನಗೇ ಎಲ್ಲರಿಗಿಂತ ಹೆಚ್ಚು ಅಂಕ ಎಂಬುದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ತೀರಿಕೊಂಡವರ ಬಗ್ಗೆ ಹೀಗೆಲ್ಲ ಬರೆಯಬಾರದು ಎನ್ನುತ್ತಾಳೆ ನನ್ನ ಮಗಳು. ಬರೆಯುತ್ತೇನೆ. ಅವತ್ತು ಮುಚ್ಚಿದ ನನ್ನ ಬಾಯಿ ಮೂರು ವರ್ಷ ತೆರೆಯಲಿಲ್ಲ.

ಮುಚ್ಚಿದ ಬಾಯಿಯಿಂದ ನನಗೆ ಆದ ನಷ್ಟ ಸಣ್ಣದಲ್ಲ. ನರ್ಸ್ ಆಗಬೇಕೆಂಬುದು ನನ್ನ ಒಂದೇ ಆಸೆ. ಮೈಸೂರು ಕಡೆಯ ಮಿಷನ್ ಆಸ್ಪತ್ರೆಯೊಂದರಲ್ಲಿ ತರಬೇತಿಗೆ ಹುಡುಗಿಯರನ್ನು ಆರಿಸುತ್ತಾರೆಂದು ಕೇಳಿ ಅಪ್ಪ ಕರೆದುಕೊಂಡು ಹೋದರು. ಮೇಟ್ರನ್ ವಿಲಾಯಿತಿಯ ಹೆಂಗಸು, ಮಾತೆಲ್ಲ ಇಂಗ್ಲಿಷಿನಲ್ಲಿ. ಊರು ಯಾವುದು, ಯಾಕೆ ನರ್ಸ್ ಆಗಬೇಕು ಎಂದು ಕೇಳಿದರು. ಎಲ್ಲವೂ ಅರ್ಥವಾಯಿತು. ಉತ್ತರಗಳು ಗಂಟಲಲ್ಲಿ ಸಾಲಾಗಿ ನಿಂತಿದ್ದವು, ಒಂದೂ ಹೊರಗೆ ಬರಲಿಲ್ಲ. ಅತ್ತುಬಿಟ್ಟೆ. ಮುಂದಿನ ವರ್ಷ ಬಾ ಎಂದು ಕಳಿಸಿದರು. ಹಿಂದಿರುಗುವಾಗ ಬಸ್ಸಿನಲ್ಲಿ ಅಪ್ಪ, "ಇನ್ನೊಂದ್ ಸಲ ನೋಡವ್ವ. ಆಗಲಿಲ್ಲಾಂದ್ರೆ ಗಂಡು ಹುಡುಕ್ತೀನಿ" ಎಂದರು.

ಆ ವರ್ಷ ಬತ್ತ ಹಾಲುಗಟ್ಟಿದಾಗ ಗಿಳಿ ಓಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮಧ್ಯಾಹ್ನವಿಡೀ ಬಿದಿರಿನ ಅಟ್ಟಣೆಯ ಮೇಲೆ ಕೂತು, ಹಿಂಡು ಇಳಿದಾಗೆಲ್ಲ ಕೂಗಬೇಕು. ಬದುವಿನಾಚೆಯ ಅಟ್ಟಣೆಯಲ್ಲಿ ಚೇಡತ್ತಿ ತಗಡಿನ ಡಬ್ಬ ಬಡಿಯುತ್ತ ಕೂತಿರುತ್ತಿದ್ದರು. ನನ್ನ ಕೂಗು ಗಿಳಿಗಳಿಗೆ ಲೆಕ್ಕಕ್ಕೇ ಇರಲಿಲ್ಲ. ತೆನೆಯ ಮೇಲೆ ಕೂತವು ಕೂತೇ ಇದ್ದವು.

"ಎಡೀ ಮೋಳೇ, ನಿನ್ನ ಒಚ್ಚೆ ಎಲ್ಲಿ ಹೋಯ್ತು?" ಎಂದು ಒಂದು ದಿನ ಆಚೆಯಿಂದ ಕೂಗಿದರು. ಮೋಳೇ ಎಂದರೆ ಮಗಳೇ, ಒಚ್ಚೆ ಎಂದರೆ ದನಿ. ಅವರದು ಅರ್ಧ ಮಲಯಾಳ, ಅರ್ಧ ನಮ್ಮ ಗದ್ದೆಯಾಳುಗಳಿಂದ ಕಲಿತ ಕನ್ನಡ. ಮಾತಾಡಬಾರದೆಂಬ ಅಪ್ಪನ ಆಜ್ಞೆ ಮರೆತು ಎಲ್ಲ ಹೇಳಿಕೊಂಡೆ: ಮಾಷು, ಮೇಟ್ರನ್, ಬಸ್ಸಿನಲ್ಲಿ ಅಪ್ಪ ಹೇಳಿದ್ದು. ಅವರು ಅಯ್ಯೋ ಪಾಪ ಎನ್ನಲಿಲ್ಲ. ಡಬ್ಬ ಬಡಿಯುತ್ತಲೇ ಇದ್ದರು.

ಮರುದಿನ ಅಟ್ಟಣೆ ಹತ್ತಿ ಕೂತಿದ್ದೆನಷ್ಟೆ. ಆಚೆಯಿಂದ ಸಿಡಿಲು ಬಡಿದಂತೆ ಇಂಗ್ಲಿಷ್ ಬಂತು. "ಯೂ! ಯುವರ್ ಬಫೆಲೋ ಈಟ್ ಮೈ ಟಪಿಯೋಕಾ!"

ನಮ್ಮ ಎಮ್ಮೆ ಅವರ ಮರಗೆಣಸು ತಿಂದಿದೆಯಂತೆ! ನಾನು ಹೌಹಾರಿ, "ನಮ್ಮೆಮ್ಮೆ ಕೊಟ್ಟಿಗೇಲೇ ಅದೆ!" ಎಂದೆ.

"ಇಂಗ್ಲಿಷ್‌ಲ್ಲಿ ಬಯ್ಯಿ! ಇಲ್ಲಾಂದ್ರೆ ಈಗಲೇ ನಿನ್ನ ಅಚ್ಛನ ಹತ್ರ ಬಂದು ನಷ್ಟ ಕೇಳ್ತೀನಿ!"

ಕುತ್ತಿಗೆಯ ನರ ಉಬ್ಬಿತ್ತು. ಅಪ್ಪನ ಹತ್ತಿರ ಹೋಗಿಯೇ ಬಿಡುತ್ತಿದ್ದರು, ಹೇಳಿದ್ದನ್ನು ಮಾಡುವ ಹೆಂಗಸು. ಎಮ್ಮೆಯದೇನೂ ತಪ್ಪಿಲ್ಲ, ಆದರೂ ಬೈಗುಳ ನಮಗೆ. ನನಗೆ ರೇಗಿಹೋಯಿತು. "ನೋ! ಯು ಆರ್ ಟೆಲ್ಲಿಂಗ್ ಲೈಸ್!" ಎಂದು ಕಿರುಚಿದೆ. ಗದ್ದೆಯ ಅಷ್ಟೂ ಗಿಳಿಗಳು ಒಟ್ಟಿಗೆ ಎದ್ದವು.

ಅವತ್ತಿನಿಂದ ಕೊಯ್ಲಿನವರೆಗೆ ದಿನಾ ಮಧ್ಯಾಹ್ನ ನಮಗೆ ಜಗಳ. ನಮ್ಮ ಕೋಳಿ ಅವರ ಶುಂಠಿ ಕೆದಕಿತು, ನಾನು ಅವರ ಸೀಬೆ ಕದ್ದೆ, ಹೀಗೆ ದಿನಕ್ಕೊಂದು ಸುಳ್ಳು ದೂರು. ಹೊಸದೇನೂ ಹೊಳೆಯದ ದಿನ ಮತ್ತೆ ಅದೇ ಎಮ್ಮೆ, ಅದೇ ಮರಗೆಣಸು. ನಾನು ಮಾತಿಗೆ ತಡವರಿಸಿದರೆ, "ಲೌಡರ್! ಗಿಳಿ ಕೇಳಲಿಲ್ಲ!" ಎಂದು ಡಬ್ಬ ಬಡಿಯುತ್ತಿದ್ದರು. ಇವರ ಇಂಗ್ಲಿಷ್ ಯುದ್ಧಕಾಲದ ಮಿಲಿಟರಿ ಆಸ್ಪತ್ರೆಯೊಂದರದು. ಅಲ್ಲಿ ಆಯಾ ಆಗಿದ್ದಾಗ ಗಾಯಾಳುಗಳ ಬೈಗುಳ ಕೇಳಿ, ತಿರುಗಿ ಬೈದು ಕಲಿತದ್ದಂತೆ. ಯಾಕೆ ಬರೀ ಜಗಳ ಎಂದು ಒಮ್ಮೆ ಕೇಳಿದೆ. "ಪೇಡಿ ಇದ್ದಾಗ ಮಾತು ಹುಡುಕ್ತಾ ನಿಲ್ತೀಯ. ಸಿಟ್ಟು ಬಂದಾಗ ಹುಡುಕಕ್ಕೆ ಸಮಯ ಎಲ್ಲಿದೆ?" ಎಂದರು. ಪೇಡಿ ಎಂದರೆ ಹೆದರಿಕೆ.

ಒಂದು ದಿನ ದೂರು ನನ್ನಿಂದಲೇ ಶುರುವಾಯಿತು. ಬೆಳಗ್ಗೆ ಅಪ್ಪ ಬದುವಿನ ಮಾತೆತ್ತಿ ಊಟ ಬಿಟ್ಟು ಎದ್ದಿದ್ದರು. ಅದೇ ಬಿಸಿಯಲ್ಲಿ ಅಟ್ಟಣೆ ಹತ್ತಿ, ನೀವು ನಮ್ಮ ನೆಲ ಕದ್ದಿದ್ದೀರಿ, ಒಂದು ಅಡಿ ಕದ್ದಿದ್ದೀರಿ, ನಿಮ್ಮೂರಿಗೆ ಹೋಗಿ ಎಂದು ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಚೆಯ ಡಬ್ಬ ನಿಂತಿತು.

"ಮೈ ಹಸ್ಬೆಂಡ್ ಇನ್ ದಿಸ್ ಮಣ್ಣು," ಎಂದರು ಆಮೇಲೆ, ಕೂಗದೆ. "ವೇರ್ ಐ ಗೋ?"

ಬಂದ ಮೊದಲ ಮಳೆಗಾಲದಲ್ಲೇ ಅವರ ಗಂಡ ಚಳಿಜ್ವರದಲ್ಲಿ ಹೋಗಿದ್ದರು. ಅದು ಊರಿಗೆಲ್ಲ ಗೊತ್ತಿದ್ದ ವಿಷಯ. ಚೇಡತ್ತಿ ಮುಂಡಿನ ಅಂಚಿನಲ್ಲಿ ಮುಖ ಒರೆಸಿಕೊಂಡು, "ಗುಡ್. ಇವತ್ತು ನೀನು ನಿಜಕ್ಕೂ ಬೈದೆ" ಎಂದರು. ಅವರು ನನಗೆ ಗುಡ್ ಎಂದದ್ದು ಅದೊಂದೇ ಸಲ. ಬದು ಸರಿದಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ಮರುವರ್ಷ ಅದೇ ಮೇಟ್ರನ್ ನನ್ನ ಗುರುತು ಹಿಡಿದು, ಕಳೆದ ಸಲ ಯಾಕೆ ಅತ್ತೆ ಎಂದರು. ನನಗೆ ಎಲ್ಲ ಉತ್ತರವೂ ಗೊತ್ತಿತ್ತು, ನೀವು ಕಾಯಲಿಲ್ಲ ಎಂದೆ ಇಂಗ್ಲಿಷಿನಲ್ಲಿ. ಅಟ್ಟಣೆಯ ದನಿಯಲ್ಲೇ ಹೇಳಿಬಿಟ್ಟಿದ್ದೆ. ಹೊರಗಿನ ಕೋಣೆಯ ಗುಮಾಸ್ತ ಎದ್ದು ಬಂದು ಇಣುಕಿದ. ಮೇಟ್ರನ್ ನಗಲಿಲ್ಲ. ಕುರ್ಚಿ ತೋರಿಸಿ ಕೂರಿಸಿಕೊಂಡರು, ಸೀಟು ಕೊಟ್ಟರು.

ಎಷ್ಟೋ ವರ್ಷಗಳ ಮೇಲೆ ನಮ್ಮ ಕಡೆಯ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದೆ. ಒಂದು ಬೆಳಿಗ್ಗೆ ನಾಲ್ಕು ಜನ ಚೇಡತ್ತಿಯನ್ನು ಕುರ್ಚಿಯಲ್ಲಿ ಹೊತ್ತು ತಂದರು. ಎದೆಯಲ್ಲಿ ನೀರು ತುಂಬಿಕೊಂಡು ಉಸಿರಾಡಲಾಗುತ್ತಿರಲಿಲ್ಲ. ನಾನೇ ಹಾಸಿಗೆ ಸರಿಮಾಡಿ ಮಲಗಿಸಿದೆ. ಕೈ ಹಿಡಿದುಕೊಂಡರು.

ಮಾರನೆಯ ದಿನ ದೊಡ್ಡ ಡಾಕ್ಟರು ಸುತ್ತು ಬಂದರು. ಅವರ ಹಿಂದೆ ಚಿಕ್ಕ ಡಾಕ್ಟರು, ಅವರ ಹಿಂದೆ ಚಾರ್ಟು ಹಿಡಿದು ನಾನು. ಚೇಡತ್ತಿಯ ಮಂಚದ ಬಳಿ ನಿಂತು ಇಂಗ್ಲಿಷಿನಲ್ಲಿ, "ಈ ಮುದುಕಿ ಉಳಿಯುವುದಿಲ್ಲ. ಕಾಡು ಕಡಿಯಲು ಬಂದವರೆಲ್ಲ ಸಾಯುವುದಕ್ಕೆ ನಮ್ಮ ಹಾಸಿಗೆಗೇ ಬರುತ್ತಾರೆ. ಮಧ್ಯಾಹ್ನದೊಳಗೆ ಖಾಲಿ ಮಾಡಿಸಿ" ಎಂದರು. ರೋಗಿಗೆ ಅರ್ಥವಾಗದು ಎಂಬ ಧೈರ್ಯ. ದನಿಯನ್ನೂ ತಗ್ಗಿಸಲಿಲ್ಲ ಆ ಮನುಷ್ಯ. ಚೇಡತ್ತಿಯ ಕಣ್ಣು ತೆರೆದಿತ್ತು. ಪ್ರತಿಯೊಂದು ಮಾತೂ ಅವರಿಗೆ ಮುಟ್ಟುತ್ತಿತ್ತು.

ನಾನು? ಚಾರ್ಟು ಎದೆಗೆ ಒತ್ತಿಕೊಂಡು ನಿಂತಿದ್ದೆ. ದೊಡ್ಡ ಡಾಕ್ಟರಿಗೆ ನರ್ಸ್ ಎದುರಾಡುವ ವಾಡಿಕೆ ಇರಲಿಲ್ಲ. ಕೆಲಸ ಹೋದೀತು ಎನ್ನಿಸಿತು. ಮಾಷು ಕೂತ್ಕೋ ಎಂದ ದಿನದ ಬಾಯಿಯೇ ಮತ್ತೆ ಬಂದು ಮುಚ್ಚಿಕೊಂಡಿತ್ತು. ಡಾಕ್ಟರು ಪಕ್ಕದ ಮಂಚಕ್ಕೆ ತಿರುಗುತ್ತಿದ್ದರು.

"ಯುವರ್ ಬಫೆಲೋ," ಎಂದರು ಚೇಡತ್ತಿ ನನ್ನನ್ನೇ ನೋಡುತ್ತ. ಉಸಿರು ಎಳೆದುಕೊಂಡರು. "ಈಟ್ ಮೈ ಟಪಿಯೋಕಾ."

ಜ್ವರದ ಬಡಬಡಿಕೆ ಎಂದರು ಚಿಕ್ಕ ಡಾಕ್ಟರು. ಕುತ್ತಿಗೆಯ ಆ ನರ ಒಂದಿಷ್ಟು ಎದ್ದಿತ್ತು. ನನ್ನ ಕಿವಿಯೊಳಗೆ ತಗಡಿನ ಡಬ್ಬ ಬಡಿದ ಹಾಗಾಯಿತು.

"ಡಾಕ್ಟರ್!" ಎಂದೆ. ಇಡೀ ವಾರ್ಡು ತಿರುಗಿತು. ಈ ತಾಯಿಗೆ ನೀವು ಆಡಿದ ಒಂದೊಂದು ಮಾತೂ ಅರ್ಥವಾಗಿದೆ, ನನಗೆ ಇಂಗ್ಲಿಷ್ ಕಲಿಸಿದವರೇ ಇವರು, ಇವರು ಈ ಹಾಸಿಗೆ ಬಿಟ್ಟು ಏಳುವುದಿಲ್ಲ, ಏಳಿಸುವುದಾದರೆ ನೀವೇ ನಿಮ್ಮ ಕೈಯಾರೆ ಏಳಿಸಿ ಎಂದೆ. ಅಷ್ಟನ್ನೂ ಇಂಗ್ಲಿಷಿನಲ್ಲಿ, ಗದ್ದೆಯಾಚೆಗೆ ಕೇಳುವ ದನಿಯಲ್ಲಿ. ಡಾಕ್ಟರ ಮುಖ ಕೆಂಪಾಯಿತು. ಕ್ಷಮೆ ಕೇಳಲಿಲ್ಲ, ಏಳಿಸಲೂ ಇಲ್ಲ. ಸಂಜೆಗೆ ನನ್ನ ಕೈಗೆ ಮೆಮೊ ಬಂತು. ಅದಕ್ಕೂ ಉತ್ತರ ಕೊಟ್ಟೆ. ಕೆಲಸ ಹೋಗಲಿಲ್ಲ.

ಚೇಡತ್ತಿ ಮೂರನೆಯ ದಿನ ಅದೇ ಹಾಸಿಗೆಯಲ್ಲಿ ತೀರಿಕೊಂಡರು. ಮಣ್ಣಿಗೆ ಅಪ್ಪನೂ ಬಂದಿದ್ದರು. ಹಿಂದಿರುಗುವಾಗ ಬದುವಿನ ಮೇಲೆ ನಡೆಯದೆ ಸುತ್ತು ದಾರಿಯಲ್ಲಿ ಹೋದರು.

ನಾನು ಡಾಕ್ಟರಿಗೆ ಎದುರಾಡಿದ ಕಥೆಯನ್ನು ಮನೆಯವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅವತ್ತು ಡಾಕ್ಟರು ಅತ್ತ ಹೋದ ಮೇಲೆ ಚೇಡತ್ತಿಯ ದಿಂಬು ಎತ್ತರಿಸಲು ಬಗ್ಗಿದ್ದೆ. ಗುಡ್ ಎನ್ನುತ್ತಾರೆಂದು, ನಾಚಿಕೆಯಿಲ್ಲದೆ, ಕಾದೆ. ಉಸಿರಿಗೆ ಒದ್ದಾಡುತ್ತಿದ್ದ ಹೆಂಗಸು ನನಗಾಗಿ ಜಗಳ ಶುರು ಮಾಡಿಕೊಡಬೇಕಾಗಿ ಬಂದಿತ್ತು. ಚೇಡತ್ತಿ ನನ್ನ ಕೆನ್ನೆ ಮುಟ್ಟಿ ಹೇಳಿದ್ದು ಒಂದೇ ಮಾತು.

"ನೀನು ತಡ ಮಾಡಿದೆ, ಮೋಳೇ."