ಉಪ್ಪಿನಕಾಯಿ ಜಾಡಿಯಲ್ಲಿ ಅಕ್ಕಿ ಹೆಂಡ

ಹೋದ ತಿಂಗಳು ನಮ್ಮ ಮನೆಯ ಎದುರಿನ ದೊಡ್ಡ ಅಂಗಡಿಯಲ್ಲಿ ತೊಗರಿಬೇಳೆ ನೋಡುತ್ತ ನಿಂತಿದ್ದೆ. ಮಾರುವ ಹುಡುಗಿಯೊಬ್ಬಳು ಬಂದು ಪುಟ್ಟ ಕಾಗದದ ಲೋಟ ಮುಂದೆ ಹಿಡಿದು, “ಟೇಸ್ಟ್ ಕರೋ ಆಂಟಿ, ಕೊಂಬುಚಾ. ಪೇಟ್ ಕೆ ಲಿಯೇ ಅಚ್ಛಾ ಹೈ” ಎಂದಳು. ಹುಳಿ ಬರಿಸಿದ ಚಹಾ ಅದು, ಹೊಟ್ಟೆಗೆ ಒಳ್ಳೆಯದಂತೆ. ಮೂಗಿನ ಹತ್ತಿರ ತಂದವಳು ಕುಡಿಯುವುದನ್ನೇ ಮರೆತೆ. ಹುಳಿಯೂ ಅಲ್ಲ, ಸಿಹಿಯೂ ಅಲ್ಲದ ಆ ವಾಸನೆ ಒಂದು ಬೇಸಿಗೆಯಲ್ಲಿ ನಮ್ಮ ಮನೆಯ ಮೆಟ್ಟಿಲಿಳಿದು ಬಂದಿತ್ತು, ಬಂದು ಮನೆಯನ್ನೇ ಅಲ್ಲಾಡಿಸಿತ್ತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ನಗರದಂಚಿನ ನಮ್ಮ ಬಡಾವಣೆ ಮಣಿಕೊಂಡದಲ್ಲಿ ಆಗಿನ್ನೂ ಬಂಡೆಗಳಿದ್ದವು. ಐಟಿ ಕಟ್ಟಡಗಳಿಗಾಗಿ ಅವನ್ನು ಸಿಡಿಸಿದಾಗಲೆಲ್ಲ ನಮ್ಮ ಅಡುಗೆಮನೆಯ ಲೋಟಗಳು ನಡುಗುತ್ತಿದ್ದವು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ನಮ್ಮ ಯಜಮಾನರಿಗೆ ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಕೆಲಸ. ಜೊತೆಗೆ ಬೀದರ್ ಕಡೆಯಿಂದ ಬಂದಿದ್ದ ನಮ್ಮತ್ತೆ. ಎಲ್ಲರೂ ಮೇಲೊಂದು ಅಂತಸ್ತು ಕಟ್ಟಿ ಕಂಪನಿಯವರಿಗೆ ಬಾಡಿಗೆಗೆ ಕೊಡುತ್ತಿದ್ದರು. ನಾವೂ ಕೊಟ್ಟೆವು.

ಬಂದವಳು ಅಸ್ಸಾಮಿನ ಹಳ್ಳಿಯೊಂದರ ಹುಡುಗಿ ಜೊನಾಲಿ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಇದನ್ನು ಕೇಳಿ ಅತ್ತೆ, “ತಪ್ಪು ಹುಡಕಲಿಕ್ಕೂ ಪಗಾರ ಕೊಡ್ತಾರಂತ ಗೊತ್ತಿದ್ರ, ನಾ ಇಷ್ಟೊತ್ತಿಗೆ ಸಾಹುಕಾರ್ತಿ ಆಗಿರ್ತಿದ್ದೆ” ಅಂದರು. ಹೇಳುವಾಗ ನನ್ನ ಕಡೆಗೇ ನೋಡುತ್ತಿದ್ದರು. ನಾನು ಮಾಡಿದ ಮಾವಿನ ಉಪ್ಪಿನಕಾಯಿ ಪ್ರತಿವರ್ಷ ಅವರ ಮೂಗಿನ ಪರೀಕ್ಷೆಯಲ್ಲಿ ಫೇಲಾಗುತ್ತಿತ್ತು, ಪಾಪ ಅವರದೇನು ತಪ್ಪು.

ಅವಳು ಬಂದ ಎರಡನೇ ಬೇಸಿಗೆಯಲ್ಲಿ ಆ ವಾಸನೆ ಬಂತು. ಅತ್ತೆ ಬಿಡಿಸುತ್ತಿದ್ದ ಬೆಳ್ಳುಳ್ಳಿಯನ್ನು ಕೆಳಗಿಟ್ಟರು.

“ಇದು ಹೆಂಡದ ವಾಸನಿ. ನನಗ ಗೊತ್ತದ. ಈ ತಿಂಗಳಕ್ಕ ಮನಿ ಖಾಲಿ ಮಾಡಂತ ಹೇಳಿ ಬಾ, ಹೋಗು.”

ಅವರ ಅಣ್ಣ ಕುಡಿದು ಕುಡಿದು ಮೂವತ್ತು ತುಂಬುವ ಮೊದಲೇ ತೀರಿಕೊಂಡಿದ್ದರು. ಇದನ್ನು ನನಗೆ ಹೇಳಿದವರು ಯಜಮಾನರು. ಅಣ್ಣನ ಹೆಸರನ್ನು ಅತ್ತೆ ಎತ್ತಿದ್ದು ನಾನಂತೂ ಕೇಳಿರಲಿಲ್ಲ.

ನಾನು ಮೇಲೆ ಹೋದೆ. ಜೊನಾಲಿ ನೆಲದ ಮೇಲೆ ಕೂತು ಸ್ಟೀಲ್ ಡಬ್ಬಿಯಿಂದ ಅನ್ನ ಕೆರೆದು ಕಸಕ್ಕೆ ಹಾಕುತ್ತಿದ್ದಳು. ಹಿಂದಿನ ಬೇಸಿಗೆಯಲ್ಲಿ ಅವಳ ತಂದೆ ತೀರಿಹೋದಾಗ ಕಂಪನಿಯವರು ಬಿಟ್ಟದ್ದು ತಡವಾಗಿ, ಅವಳು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತಂತೆ. ಈಗ ವರ್ಷದ ದಿನ ಹತ್ತಿರ ಬಂದಿದೆ, ಈ ಸಲವೂ ರಜೆಯಿಲ್ಲ. ಅವರ ಮನೆತನದಲ್ಲಿ ಆ ದಿನ ಎಲೆಯ ಮೇಲೆ ಅಕ್ಕಿ ಹೆಂಡ ಬಿಡುತ್ತಾರೆ. ಹಿರಿಯ ಮಗಳು ತನ್ನ ಕೈಯಾರೆ ಮಾಡಿದ್ದಾಗಬೇಕು, ಕೊಂಡದ್ದು ನಡೆಯುವುದಿಲ್ಲ. ತಾಯಿ ಆರು ಹೆಪ್ಪಿನ ಬಿಲ್ಲೆ ಕಳಿಸಿದ್ದರು. ಅಕ್ಕಿಹಿಟ್ಟಿಗೆ ಕಾಡಿನ ಸೊಪ್ಪು ಸೇರಿಸಿ ತಟ್ಟಿ ಒಣಗಿಸಿದ ಅವು ನನ್ನ ಕಣ್ಣಿಗೆ ಸೆಗಣಿ ಕುಳ್ಳಿನ ಮರಿಗಳಂತೆ ಕಂಡವು. ಒಂದು ಸಲಕ್ಕೆ ಎರಡು ಬೇಕು. ಮೊದಲ ಸಲದ್ದು ಅತಿ ಹುಳಿಯಾಗಿ ಕೆಟ್ಟಿತ್ತು.

“ಇನ್ನೂ ನಾಲ್ಕಿವೆ ಆಂಟಿ. ಮಾಡುತ್ತೇನೆ” ಎಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಮನೆ ಖಾಲಿ ಮಾಡು ಎನ್ನುವುದು ನನಗೆ ಸುಲಭವಾಗುತ್ತಿತ್ತೇನೋ. ಕಚೇರಿಯಲ್ಲಿ ಎಷ್ಟು ಜನರ ಅರ್ಜಿಯನ್ನು ಮುಖ ಎತ್ತದೆ ವಾಪಸು ಕಳಿಸಿದವಳು ನಾನು! ಅಂಥವಳು ಕೆಳಗೆ ಬಂದು ದೋಸೆ ಹಿಟ್ಟು ಉಕ್ಕಿದೆ ಎಂದು ಸುಳ್ಳು ಹೇಳಿದೆ.

“ನನಗ ದ್ವಾಸಿ ಹಿಟ್ಟಿನ ವಾಸನಿ ತಿಳೀವಲ್ದೇನ?” ಅಂದರು ಅತ್ತೆ. ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಜೊನಾಲಿ ಬೇಗಂ ಬಜಾರಿಗೆ ಹೋಗಿ ಪಿಂಗಾಣಿ ಜಾಡಿ ಕೊಂಡುತಂದು ಇನ್ನೆರಡು ಬಿಲ್ಲೆ ಹಾಕಿದಳು. ಆರನೇ ದಿನ ಮತ್ತೆ ವಾಸನೆ ಬಂತು, ಈ ಸಲ ಕೆಟ್ಟದ್ದು. ಅತ್ತೆ ನನ್ನನ್ನು ಕಳಿಸಲಿಲ್ಲ. ನೋಯುವ ಮೊಣಕಾಲಿನ ಮೇಲೆ ಕೈಯೂರಿ ತಾವೇ ಒಂದೊಂದು ಮೆಟ್ಟಿಲು ಹತ್ತಿದರು. ನಾನು ಹಿಂದೆ ಹಿಂದೆ ಹೋದೆ.

ಜಾಡಿಯ ತುಂಬ ಕಪ್ಪು ಬೂಸ್ಟು. ಅದರ ಮುಂದೆ ಹುಡುಗಿ ಒಂದು ನೋಟುಪುಸ್ತಕದಲ್ಲಿ ಏನೋ ಬರೆಯುತ್ತ ಕೂತಿದ್ದಳು. ತಪ್ಪು ಎಲ್ಲಾಯಿತು ಎಂದು ಹುಡುಕುತ್ತಿದ್ದಳು.

“ಕಾಯ್ಕೂ ಬನಾರಿ ಯೇ?” ಅತ್ತೆ ಕೇಳಿದರು, ಯಾಕೆ ಮಾಡುತ್ತಿದ್ದೀ ಇದನ್ನು ಎಂದು. ಅತ್ತೆಯದು ದಖ್ಖನಿ, ಅವಳದು ಅಸ್ಸಾಮಿನ ಹಿಂದಿ. ಮುಂದಿನದನ್ನು ಕನ್ನಡದಲ್ಲೇ ಬರೆಯುತ್ತೇನೆ. ಜೊನಾಲಿ ಎಲ್ಲವನ್ನೂ ಹೇಳಿದಳು. ಅತ್ತೆ ಜಾಡಿಯ ಪಕ್ಕದಲ್ಲೇ ಕೂತರು.

“ನಿಮ್ಮಪ್ಪ ಕುಡೀತಿದ್ದನೇನು?”

“ಕುಡಿಯುತ್ತಿದ್ದರು ಅಜ್ಜಿ. ಹಬ್ಬದ ದಿನ, ಎಲ್ಲರ ಜೊತೆ ಕೂತು.”

“ಕುಡದು ಬೀಳ್ತಿದ್ದನೇನು?”

“ಇಲ್ಲ. ಹಾಡುತ್ತಿದ್ದರು.”

ಅತ್ತೆ ಕಿಟಕಿಯ ಕಡೆ ತಿರುಗಿದರು. “ನಮ್ಮಣ್ಣ ಬೀಳ್ತಿದ್ದ” ಅಂದರು. ಅದನ್ನು ಅವರು ಕನ್ನಡದಲ್ಲೇ ಅಂದರು, ಯಾರಿಗೂ ಅಲ್ಲದ ಹಾಗೆ. ಆಮೇಲೆ ಜಾಡಿಯ ಒಳಗೋಡೆಯ ಮೇಲೆ ಉಗುರಾಡಿಸಿ ಒಂದು ಕಡೆ ನಿಲ್ಲಿಸಿದರು. ಕೂದಲೆಳೆಯಷ್ಟು ಸೀಳು ಅಲ್ಲಿ.

“ಇದರಾಗ ಉಪ್ಪಿನಕಾಯಿ ಹಾಕಿದ್ರೂ ಬೂಸ್ಟ ಹಿಡೀತದ. ಅನ್ನ ಎಷ್ಟೊತ್ತು ಆರಿಸಿದ್ದಿ?”

“ಹತ್ತು ನಿಮಿಷ.”

“ಆರಿಲ್ಲ. ಬಿಸಿ ಅನ್ನದಾಗ ನಿನ್ನ ಹೆಪ್ಪು ಸತ್ತಾವ. ಮೊಸರಿಗೆ ಹೆಪ್ಪು ಹಾಕೋರ ಕೈಗೆ ಇದು ತಿಳೀತದ, ಪುಸ್ತಕಕ್ಕ ತಿಳ್ಯಂಗಿಲ್ಲ. ಎಷ್ಟು ದಿನ ಉಳದಾವ?”

“ಒಂಬತ್ತು.”

ಅತ್ತೆ ಏಳಲು ನನ್ನ ಕೈ ಹಿಡಿದರು. “ನನ್ನ ಜಾಡಿ ತಂದುಕೊಡು ಇಕಿಗೆ” ಅಂದರು.

ಆ ವರ್ಷದ ಮಾವಿನಕಾಯಿಗೆಂದು ಮೂರು ದಿನ ಬಿಸಿಲಿಗಿಟ್ಟಿದ್ದ ಜಾಡಿ ಅದು. ನಾನು ಮುಟ್ಟಬೇಕಾದರೂ ಅಪ್ಪಣೆ ಬೇಕಿತ್ತು. ಅನ್ನವನ್ನು ಬಟ್ಟೆಯ ಮೇಲೆ ಹರವಿ, ಅತ್ತೆ ಕೈಯ ಹಿಂಬದಿಯಿಂದ ಮುಟ್ಟಿ ಮುಟ್ಟಿ ನೋಡಿ, “ಈಗ” ಎಂದ ಮೇಲೆ ಜೊನಾಲಿ ಕೊನೆಯ ಎರಡು ಬಿಲ್ಲೆಗಳನ್ನು ಪುಡಿಮಾಡಿ ಬೆರೆಸಿದಳು. ಯಜಮಾನರು ಉತ್ಸಾಹದಿಂದ, “ನಮ್ಮ ಕಾರ್ಖಾನ್ಯಾಗ ಇದ ಕೆಲಸಕ್ಕ ಎರಡಂತಸ್ತಿನ ಟ್ಯಾಂಕ್ ಅದವ್ವ. ಥರ್ಮಾಮೀಟರ್ ತರ್ಲಿ?” ಎಂದರು. “ನಿನಗ ಜ್ವರ ಬಂದಾಗ ತಗೊಂಬಾ” ಎಂಬ ಉತ್ತರ ಬಂತು.

ಜಾಡಿಗೆ ಹಸಿ ಗೋಣಿತಾಟು ಸುತ್ತಿ ನೀರಿನ ಟಾಕಿಯ ನೆರಳಿಗಿಟ್ಟೆವು. ಮೂರು ಹೊತ್ತೂ ಗೋಣಿ ನೆನೆಸಬೇಕು. ಜೊನಾಲಿ ಆಫೀಸಿಗೆ ಹೋದಾಗ ಆ ಕೆಲಸ ನನ್ನದು. ನಾನು ಕಚೇರಿಗೆ ಹೋದ ಮೇಲೆ ಯಾರು ನೆನೆಸುತ್ತಾರೆ ಎಂದು ಯಾರೂ ಮಾತೆತ್ತಲಿಲ್ಲ. ಸಂಜೆ ಬಂದು ನೋಡಿದರೆ ಗೋಣಿ ಒದ್ದೆಯಾಗಿಯೇ ಇರುತ್ತಿತ್ತು, ಅತ್ತೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿರುತ್ತಿದ್ದರು.

ವರ್ಷದ ದಿನ ಬೆಳಗ್ಗೆ ಹುಡುಗಿ ಮುಚ್ಚಳ ತೆಗೆದಳು. ಅನ್ನ ಕರಗಿ, ಮೇಲೆ ತಿಳಿಯಾದ ಹಳದಿ ನೀರು ನಿಂತಿತ್ತು. ಒಂದು ಹನಿ ನಾಲಿಗೆಗಿಟ್ಟುಕೊಂಡಳು ಜೊನಾಲಿ. ಎರಡು ಸಲ ಕೆಟ್ಟಾಗ ಅಳದಿದ್ದವಳು ಆಗ ಅತ್ತಳು.

ತಂದೆಯ ಹೆಸರು ಹೇಳಿ ಬಾಳೆಯೆಲೆಯ ಮೇಲೆ ಹೆಂಡ ಬಿಟ್ಟಳು. ನಾವು ಗೋಡೆಗೆ ಒರಗಿ ನಿಂತಿದ್ದೆವು. ಆಗ ಅತ್ತೆ ಸೆರಗಿನಡಿಯಿಂದ ಒಂದು ಮುಚ್ಚಿದ ತಂಬಿಗೆ ತೆಗೆದರು. “ಇನ್ನೊಂದು ಎಲಿ ಹಾಸು” ಅಂದರು.

ತಂಬಿಗೆಯಲ್ಲಿದ್ದದ್ದು ಜೋಳದ ಅಂಬಲಿ, ಹಿಟ್ಟು ಹುಳಿ ಬರಿಸಿ ಕಾಸಿದ್ದು. ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಎಲ್ಲರ ಮನೆಯಲ್ಲೂ ಮಾಡುತ್ತಾರೆ, ನಮ್ಮ ಮನೆಯಲ್ಲಿ ಮಾತ್ರ ಮಾಡುತ್ತಿರಲಿಲ್ಲ. ಯಾಕೆಂದು ನಾನು ಕೇಳಿಯೂ ಇರಲಿಲ್ಲ.

“ನಮ್ಮಣ್ಣಗ ಇದು ಭಾಳ ಸೇರ್ತಿತ್ತು. ಆ ಕುಡಿತ ಆಮ್ಯಾಲಿಂದು. ನಾ ಬರೇ ಅದನ್ನೇ ನೆನಪಿಟ್ಟಿದ್ದೆ” ಅಂದರು. ಎಲೆಯ ಮೇಲೆ ಅಂಬಲಿ ಬಿಟ್ಟು, “ಶರಣಪ್ಪ” ಎಂದು ಅಣ್ಣನ ಹೆಸರು ಹಿಡಿದು ಕರೆದರು. ಯಜಮಾನರು ತಲೆ ತಗ್ಗಿಸಿದರು. ಅವರ ತಾಯಿಯ ಬಾಯಲ್ಲಿ ಆ ಹೆಸರನ್ನು ಅವರೂ ಕೇಳಿರಲಿಲ್ಲವಂತೆ.

ಅತ್ತೆ ಹೋಗಿ ಬಹಳ ವರ್ಷಗಳಾದವು. ಆ ವರ್ಷದಿಂದ ಪ್ರತಿ ಎಳ್ಳ ಅಮಾವಾಸ್ಯೆಗೂ ಅವರು ಅಂಬಲಿ ಮಾಡುತ್ತಿದ್ದರು, ಆದರೆ ಅದನ್ನು ಅವರಿಂದ ನಾನು ಕಲಿಯಲಿಲ್ಲ. ಇದ್ದಾರಲ್ಲ, ಮಾಡುತ್ತಾರಲ್ಲ ಎಂಬ ಸೋಮಾರಿತನ. ಹೋದ ತಿಂಗಳು ಅಂಗಡಿಯಿಂದ ಬಂದವಳೇ ಜೋಳದ ಹಿಟ್ಟು ನೆನೆಹಾಕಿದೆ. ನಾರುನಾರಾಗಿ ಕೆಟ್ಟಿತು. ಮತ್ತೆ ಹಾಕಿದೆ, ಕಹಿಯಾಯಿತು. ಗುವಾಹಟಿಯಲ್ಲಿರುವ ಜೊನಾಲಿಗೆ ಫೋನ್ ಮಾಡಿದರೆ, “ನೀರು ಎಷ್ಟು ಬಿಸಿ ಇತ್ತು ಆಂಟಿ? ಪಾತ್ರೆ ಯಾವುದು? ಬರೆದಿಟ್ಟಿದ್ದೀರಾ?” ಎಂದು ಒಂದೊಂದಾಗಿ ವಿಚಾರಿಸಿಕೊಂಡಳು. ನಾನು ಏನನ್ನೂ ಬರೆದಿಟ್ಟಿರಲಿಲ್ಲ.

ಈಗ ಬರೆಯುತ್ತಿದ್ದೇನೆ. ನಿನ್ನೆ ಮತ್ತೊಮ್ಮೆ ಹಿಟ್ಟು ಕಲಸಿಟ್ಟೆ. ಇಂದು ಬೆಳಗ್ಗೆ ಬಟ್ಟೆ ಸರಿಸಿ ಕಿವಿಗೊಟ್ಟರೆ ಒಳಗೆ ಸಣ್ಣ ಸದ್ದು, ಗುಳ್ಳೆ ಒಡೆಯುವ ಸದ್ದು. ಸರಿಯಾಗಿದೆಯೋ ಇಲ್ಲವೋ ನಾಳೆ ತಿಳಿಯುತ್ತದೆ. ಡಬ್ಬಿಯಲ್ಲಿ ಜೋಳದ ಹಿಟ್ಟು ಇನ್ನೂ ಇದೆ.