ಮೂರನೇ ಎಂಜಲವ್ವ

ಹಳಿಯಾಳದ ದ್ರಾಕ್ಷಾಯಣಿಯ ಮನೆಯಲ್ಲಿ ಶೇಂಗಾ ಉಂಡಿ ಕೊಟ್ಟರೆ ನಾನು ಮೊದಲು ಅದನ್ನು ಸುತ್ತಲೂ ತಿರುಗಿಸಿ ನೋಡುತ್ತೇನೆ. ಎಲ್ಲೂ ಹಲ್ಲಿನ ಗುರುತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಬಾಯಿಗೆ. ಇದನ್ನು ಅನುಮಾನ ಎನ್ನಬೇಡಿ, ಅನುಭವ ಎನ್ನಿ.

ದ್ರಾಕ್ಷಾಯಣಿಯ ಅತ್ತೆ ತಾಯವ್ವನಿಗೆ ಒಂದು ಪದ್ಧತಿಯಿತ್ತು. ಉಂಡಿ ಕಟ್ಟಿ ಡಬ್ಬಿ ತುಂಬಿದ ಕೂಡಲೇ ಒಂದೊಂದನ್ನೂ ಎತ್ತಿ, ಅಂಚಿನಲ್ಲಿ ಚೂರು ಕಚ್ಚಿ, ಮತ್ತೆ ಡಬ್ಬಿಯಲ್ಲಿಡುತ್ತಿದ್ದಳು. ಎಂಜಲಾದದ್ದನ್ನು ಮತ್ತೊಬ್ಬರು ಮುಟ್ಟುವುದಿಲ್ಲ. ಡಬ್ಬಿಗೆ ಬೀಗ ಹಾಕುವ ಖರ್ಚಿಲ್ಲ, ಸೊಸೆಯ ಮೇಲೆ ಕಣ್ಣಿಡುವ ಕಷ್ಟವಿಲ್ಲ. ಮೊಸರಿನ ಕೆನೆಗೆ ಒಂದು ಬೆರಳು, ಮಾವಿನಹಣ್ಣಿನ ತುದಿಗೆ ಒಂದು ಹಲ್ಲು, ಸಾರಿನ ಸೌಟಿಗೆ ಪೂರ್ತಿ ತುಟಿ. ನೆಕ್ಕಿದ ಸೌಟು ಮರಳಿ ಸಾರಿಗೇ ಇಳಿಯುತ್ತಿತ್ತು. ರುಚಿ ನೋಡುವುದು ಆಕೆಗೆ ಅಭಿರುಚಿ, ಉಂಡವರಿಗೆ ಅರುಚಿ.

ಗೆಳತಿಯ ಮದುವೆಯಾದ ಹೊಸತರಲ್ಲಿ ನಾನು ದಾಂಡೇಲಿಯಿಂದ ನೋಡಲು ಬಂದಿದ್ದೆ. ತಾಯವ್ವ ಪ್ರೀತಿಯಿಂದಲೇ ಡಬ್ಬಿ ತೆರೆದು ಕೊಟ್ಟಳು. ದ್ರಾಕ್ಷಾಯಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣುಸನ್ನೆ ಮಾಡುವಷ್ಟರಲ್ಲಿ ತಡವಾಗಿತ್ತು. ಉಂಡೆಯನ್ನು ಉಂಡೇ ಬಿಟ್ಟಿದ್ದೆ.

ಹಾಗೆ ನೋಡಿದರೆ ನಾವಿಬ್ಬರೂ ಬೆಳೆದದ್ದೇ ಬೇರೆ ಥರ. ಆಕೆ ತೇರಗಾಂವದಿಂದ ಬಂದು ದಾಂಡೇಲಿಯ ಕಾನ್ವೆಂಟಿನಲ್ಲಿ ನನ್ನ ಪಕ್ಕದ ಬೆಂಚಿಗೆ ಕೂತವಳು. ಪೆನ್ಸಿಲಿನ ತುದಿ ಬಾಯಿಗೆ ಹೋದರೆ ಸಿಸ್ಟರ್ ಸ್ಕೇಲು ಹಿಡಿದು ಬರುತ್ತಿದ್ದರು. ಸಿಸ್ಟರ್ ಕಲಿಸಿದ್ದನ್ನು ಅಳಿಸಿಹಾಕಲು ಹಳಿಯಾಳದಲ್ಲಿ ಒಬ್ಬ ಮದರ್ ಕಾದು ಕೂತಿದ್ದರು, ಇನ್-ಲಾ.

ಗಂಡ ಚನಬಸಪ್ಪ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟ ಒಳ್ಳೆಯ ಮನುಷ್ಯ. ಆದರೆ ಅವ್ವ ಕಚ್ಚಿಟ್ಟ ಉಂಡಿಯನ್ನು ಪ್ರಸಾದವೆಂದು ತಿನ್ನುವವನು. ಅವನಿಗೆ ಹೇಳಿ ಪ್ರಯೋಜನವಿರಲಿಲ್ಲ. ಅತ್ತೆಗೆ ಹೇಳುವ ಧೈರ್ಯವಿರಲಿಲ್ಲ. ದ್ರಾಕ್ಷಾಯಣಿಗೆ ಚಿತ್ರ ಬರೆಯಲು ಬರುತ್ತಿತ್ತು, ಆದ್ದರಿಂದ ಬರೆದಳು.

ಹುಬ್ಬಳ್ಳಿಯಿಂದ ಬರುತ್ತಿದ್ದ ಒಂದು ಮಕ್ಕಳ ಮಾಸಿಕದಲ್ಲಿ ಆಕೆಯ ಚಿತ್ರಕಥೆ ಶುರುವಾಯಿತು. ಅದರ ಖಳನಾಯಕಿ ಎಂಜಲವ್ವ. ಆಕೆಗೆ ಕತ್ತಿ ಬೇಡ, ಸೈನ್ಯ ಬೇಡ. ನೆಕ್ಕಿದ್ದೆಲ್ಲ ಆಕೆಯದೇ. ಸಿಂಹಾಸನದ ತೋಳು ನೆಕ್ಕಿದಳು, ರಾಜ ಎದ್ದು ಕೈ ತೊಳೆಯಲು ಹೋದ. ಕಿರೀಟದ ಅಂಚು ಕಚ್ಚಿದಳು, ಯುವರಾಜ ಸನ್ಯಾಸ ತಗೊಂಡ. ಊರ ಕಣಜಗಳನ್ನೆಲ್ಲ ಒಂದೇ ಮಧ್ಯಾಹ್ನ ನೆಕ್ಕಿ ಮುಗಿಸಿದಳು. ಎದುರಿಗೆ ನಿಂತವನು ಯಾರಿಗೂ ಸೋಲದ ಹಳಿಯಾಳದ ಪೈಲ್ವಾನ. ಅವಳು ನಾಲಿಗೆ ಚಾಚಿದ ಕೂಡಲೇ ಲಂಗೋಟಿ ಬಿಗಿ ಹಿಡಿದು ಓಡುತ್ತಿದ್ದ. ಜೊಲ್ಲನ್ನು ದ್ರಾಕ್ಷಾಯಣಿ ಎಷ್ಟು ಶ್ರದ್ಧೆಯಿಂದ ಬರೆಯುತ್ತಿದ್ದಳೆಂದರೆ, ಪುಟ ಒದ್ದೆಯಾಗಿದೆಯೇನೋ ಎಂದು ನಾನು ಮುಟ್ಟಿ ನೋಡಿದ್ದುಂಟು.

ಒಂದು ದಿನ ಮಾಸಿಕ ತಾಯವ್ವನ ಕೈಗೇ ಸಿಕ್ಕಿತು. ಓದು ಬಾರದ ಮುದುಕಿ ಚಿತ್ರ ನೋಡಿದಳು.

"ಈಕಿ ಯಾರಬೇ? ಭಾಳ ಶ್ಯಾಣ್ಯಾಕಿ ಕಾಣಸ್ತಾಳ."

"ಯಾರೂ ಇಲ್ರಿ ಅತ್ತ್ಯಾರ. ಮನಸಿನಾಗಿಂದ ಬರದಿದ್ದು."

"ನಮ್ಮ ಮನಿಯಾಕಿ ಇದ್ದಂಗ ಅದಾಳ ನೋಡ," ಎಂದು ಮೆಚ್ಚಿ, ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಮುಂದಿನ ಪುಟ ತಿರುವಿದಳು.

ಮುದುಕಿಗೆ ಗುರುತು ಹತ್ತಲಿಲ್ಲ, ಊರಿಗೆ ಹತ್ತಿತು. ಅಂಗಡಿಗೆ ಬಂದ ಹುಡುಗರು ಪೆಪ್ಪರಮೆಂಟಿನ ಬರಣಿಯ ಮುಂದೆ ನಿಂತು, "ಅಜ್ಜಿ ಮುಟ್ಟಿಲ್ಲಲ್ರಿ ಕಾಕಾ?" ಎಂದು ಕೇಳತೊಡಗಿದರು. ತಾಯವ್ವ ಎಂದರೆ ಎಂಜಲವ್ವ, ಎಂಜಲವ್ವ ಎಂದರೆ ತಾಯವ್ವ.

ಕಥೆಯಲ್ಲಿ ಎಂಜಲವ್ವನಿಗೆ ವಯಸ್ಸಾಯಿತು. ಕೊಲ್ಲಲೇಬೇಕಾಯಿತು. ಆದರೆ ಓದುವ ಮಕ್ಕಳು ಬಿಡಲಿಲ್ಲ. ಆಗ ದ್ರಾಕ್ಷಾಯಣಿ ಒಂದು ಉಪಾಯ ಹೂಡಿದಳು. ಸಾಯುವ ಎಂಜಲವ್ವ ತಾನು ಅಗಿದ ಎಲೆಅಡಿಕೆಯ ಮುದ್ದೆಯನ್ನು ಬಾಯಿಂದ ತೆಗೆದು ಸೊಸೆಯ ಬಾಯಿಗೆ ತುರುಕುತ್ತಾಳೆ. ಅದನ್ನು ನುಂಗಿದಾಕೆಗೆ ಹೆಸರೂ ಬಂತು, ನಾಲಿಗೆಯೂ ಬಂತು. ಹೀಗೆ ಎರಡನೇ ಎಂಜಲವ್ವ. ಆಕೆಯ ಮುಖ ನನಗೆ ಎಲ್ಲೋ ನೋಡಿದಂತೆ ಅನಿಸಿ ಕೇಳಿದ್ದೆ.

"ಯಾರ ಮಾರಿ ಇದು?"

"ಬರಸಕೊಳ್ಳಾಕ ಯಾರೂ ಕುಂಡ್ರಲಿಲ್ಲ. ಕನ್ನಡಿ ನೋಡಕೊಂಡ ಬರದೆ," ಎಂದಿದ್ದಳು. ಇಬ್ಬರೂ ಅದನ್ನು ಅಲ್ಲಿಗೇ ಬಿಟ್ಟಿದ್ದೆವು.

ಮಾಸಿಕ ನಿಂತಿತು. ಮಗ ಸಚಿನ ಅವ್ವನ ಹೊಸ ಕಂತುಗಳನ್ನು ಫೋನಿನಲ್ಲಿ ಹಂಚತೊಡಗಿದ ಮೇಲೆ ಎಂಜಲವ್ವ ಮುಂಡಗೋಡ, ಜೊಯಿಡಾ ದಾಟಿ ಹೋದಳು. ಹೋದ ವರ್ಷ ತಾಯವ್ವ ತೀರಿಕೊಂಡಳು. ಈ ವರ್ಷ ಸಚಿನನ ಹೆಂಡತಿ, ರಾಮನಗರದ ನಿರ್ಮಲಾ, ಹೆಣ್ಣು ಹಡೆದಳು.

ಈ ಮನೆಯಲ್ಲಿ ಸತ್ತ ಅಜ್ಜಿಯ ಹೆಸರು ಮುಂದೆ ಹುಟ್ಟಿದ ಹೆಣ್ಣಿಗೆ. ಚನಬಸಪ್ಪನ ಅಜ್ಜಿ ಮಾಲವ್ವನ ಹೆಸರು ಅವನ ಮಗಳಿಗೆ ಬಂದದ್ದೂ ಹಾಗೆಯೇ. ಮುಂಡಗೋಡದಲ್ಲಿ ನೌಕರಿಯಲ್ಲಿರುವ ಆಕೆ ಅದನ್ನು ಕತ್ತರಿಸಿ ಮಾಲಾ ಮಾಡಿಕೊಂಡಿದ್ದಾಳೆ. ಈಗ ತಾಯವ್ವನ ಪಾಳಿ.

"ನಮ್ಮವ್ವನ ಹೆಸರ ಇಡೂದು. ಅದರಾಗ ಮಾತಿಲ್ಲ," ಎಂದ ಚನಬಸಪ್ಪ.

"ಇಟ್ಟ ಮರುದಿನಾ ಊರ ಹುಡುಗೂರು ಏನಂತ ಕರೀತಾವ ಗೊತ್ತೈತೇನ್ರಿ? ಮೂರನೇ ಎಂಜಲವ್ವ ಅಂತ. ಸಾಲಿಯೊಳಗ ಆ ಕೂಸಿನ ಬಾಜೂಕ ಒಬ್ಬರೂ ಡಬ್ಬಿ ಬಿಚ್ಚಂಗಿಲ್ಲ."

"ಹಂಗ ಕರಿಯಾಕ ಕಲಿಸಿದಾಕಿ ಯಾರ?"

ದ್ರಾಕ್ಷಾಯಣಿ ಮಾತು ಬಿಟ್ಟು ಉಪಾಯ ಹಿಡಿದಳು. ನಮ್ಮ ಕಡೆ ತೊಟ್ಟಿಲ ಕಾರ್ಯದಲ್ಲಿ ಸೋದರತ್ತೆ ಕೂಸಿನ ಕಿವಿಗೆ ಬಾಯಿಟ್ಟು, ಕುರ್ರ್ ಎಂದು ಹೆಸರು ಉಸುರಬೇಕು. ಉಸುರುವಾಗ ನೆರೆದ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದಬೇಕು. ಕಿವಿಯಲ್ಲಿ ಬಿದ್ದದ್ದೇ ಹೆಸರು, ಆಮೇಲೆ ಅಳಿಸುವಂತಿಲ್ಲ. ಸೋದರತ್ತೆ ಎಂದರೆ ಮಾಲಾ. ದ್ರಾಕ್ಷಾಯಣಿ ಮಗಳಿಗೆ ಫೋನು ಮಾಡಿದಳು.

"ಇಂಚರಾ ಅನ್ನವಾ. ನಿಮ್ಮಪ್ಪ ಏನರ ಬಡಕೊಳ್ಳಲಿ."

"ಅಪ್ಪನೂ ಫೋನ್ ಮಾಡಿದ್ದ. ಗುದ್ದು ತಿನ್ನಾಕಿ ನಾ. ಮೊದಲ ನೀವಿಬ್ಬರೂ ಒಂದ ಆಗ್ರಿ, ಆಮ್ಯಾಲ ನಾ ಬಗ್ತೇನಿ."

ಹಡೆದ ನಿರ್ಮಲಾಳನ್ನು ಇಬ್ಬರೂ ಕೇಳಿರಲಿಲ್ಲ.

ತೊಟ್ಟಿಲ ಕಾರ್ಯಕ್ಕೆ ನಾನೂ ಹೋಗಿದ್ದೆ. ಪಡಸಾಲೆಯಲ್ಲಿ ತೊಟ್ಟಿಲು, ಅದರ ಸುತ್ತ ಗುದ್ದಲು ತಯಾರಾಗಿ ತೋಳೇರಿಸಿದ ಹೆಂಗಸರು. ಚನಬಸಪ್ಪ ಬಾಗಿಲಲ್ಲಿ ನಿಂತು ಮಗಳನ್ನು ನೋಡುತ್ತಿದ್ದ. ದ್ರಾಕ್ಷಾಯಣಿ ತೊಟ್ಟಿಲ ಬದಿಯಲ್ಲಿ ನಿಂತು ಅವನನ್ನು ನೋಡುತ್ತಿದ್ದಳು. ಮೊದಲು ಕೂಸಿನ ಬಾಯಿಗೆ ಒಂದು ಹನಿ ಬೆಲ್ಲದ ನೀರು ಮುಟ್ಟಿಸಬೇಕು. ಅದು ಅಜ್ಜಿಯ ಕೆಲಸ.

ದ್ರಾಕ್ಷಾಯಣಿ ಬೆಳ್ಳಿ ಬಟ್ಟಲಿಗೆ ಬೆರಳದ್ದಿ, ಬೆರಳನ್ನು ತನ್ನ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು, ತುಟಿ ಮುಂದೆ ಮಾಡಿದಳು, ನಾಲಿಗೆಯನ್ನು ಅಂಗುಳಕ್ಕೆ ಬಡಿದು ಚಪ್ಪರಿಸಿದಳು.

"ಸೀ ಸ್ವಲ್ಪ ಹೆಚ್ಚಾತೇನ," ಎನ್ನುತ್ತ ಅದೇ ಬೆರಳನ್ನು ಮತ್ತೆ ಬಟ್ಟಲಿಗೆ ಅದ್ದಿ, ಕೂಸಿನ ಬಾಯೊಳಗೆ ಇಟ್ಟಳು.

ಆ ಚಿತ್ರವನ್ನು ನಾನು ಮಾಸಿಕದ ಪುಟಗಳಲ್ಲಿ ಎಷ್ಟು ಸಲ ನೋಡಿದ್ದೆನೋ. ಮುಚ್ಚಿದ ಕಣ್ಣು, ಚಾಚಿದ ತುಟಿ, ಹೊಳೆಯುವ ಬೆರಳು. ಬಣ್ಣವೊಂದು ಹಚ್ಚುವುದು ಬಾಕಿ.

ನಿರ್ಮಲಾ ಕೂಸನ್ನು ಎತ್ತಿಕೊಂಡಳು. ಒದ್ದೆ ಬಟ್ಟೆಯಿಂದ ಅದರ ತುಟಿ ಒರೆಸಿದಳು, ಆಮೇಲೆ ನಾಲಿಗೆ.

"ಅತ್ತ್ಯಾರ, ಆ ಬಟ್ಟ ನಿಮ್ಮ ಬಾಯಾಗ ಹೋಗಿ ಬಂತ್ರಿ," ಎಂದು ಅತ್ತೆಯ ಬೆರಳಿನತ್ತ ತೋರಿಸಿದಳು.

"ಎಲ್ಲಿ? ರುಚಿ ನೋಡಿದೆ ಅಷ್ಟ."

"ಹೂನ್ರಿ. ಅದನ್ನ ಹೇಳಾಕತ್ತೇನಿ."

ಪಕ್ಕದ ಮನೆಯ ಸಿದ್ದಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಆದರೆ ಮಾತನ್ನು ಮುಚ್ಚಲಿಲ್ಲ. "ಎರಡನೇದಾಕಿ ಯಾರ ಇರಬೇಕಂತ ಇಷ್ಟ ವರ್ಷ ಊರೆಲ್ಲ ಹುಡುಕಿದ್ವಿ ನೋಡ್ರಿ. ತೊಟ್ಟಿಲದ ಬಾಜೂಕ ನಿಂತಾಳ."

ಹೆಂಗಸರು ನಕ್ಕರು. ಗುದ್ದಲು ಎತ್ತಿದ ಕೈಗಳಿಂದ ತಮ್ಮ ತಮ್ಮ ಹೊಟ್ಟೆ ಹಿಡಿದುಕೊಂಡರು. ದ್ರಾಕ್ಷಾಯಣಿ ನಗಲಿಲ್ಲ. ತನ್ನ ಬೆರಳನ್ನು ನೋಡಿದಳು. ಅದರ ತುದಿಯಿಂದ ಸಣ್ಣ ಎಳೆಯೊಂದು ಜೋತಾಡುತ್ತಿತ್ತು. ಸೀರೆಗೆ ಒರೆಸಲು ಹೋಗಿ ತಡೆದಳು, ತೊಟ್ಟಿಲಿಗೆ ಒರೆಸಲು ಹೋಗಿ ತಡೆದಳು. ಯಾರೋ ಬೇರೆಯವರ ಬೆರಳನ್ನು ಹಿಡಿದು ನಿಂತವಳಂತೆ, ಮೈಯಿಂದ ದೂರ ಮಾಡಿ ಹಿಡಿದಳು. ಮದುವೆಯಾದ ವರ್ಷ ಉಂಡಿಯ ಡಬ್ಬಿಯ ಮುಂದೆ ಆಕೆಯ ಮುಖ ಹೀಗೆಯೇ ಹುಳ್ಳಗಾಗಿತ್ತು.

"ಯವ್ವಾ, ಬೆನ್ನ ಬಗ್ಗಿಸಿ ನಿಂತೇನಿ. ಏನ ಅನ್ನಲಿ?" ಎಂದು ಮಾಲಾ ಕೇಳಿದಳು.

ನಿರ್ಮಲಾ ಕೂಸನ್ನು ತೊಟ್ಟಿಲಲ್ಲಿ ಮಲಗಿಸುತ್ತ ಹೇಳಿದಳು. "ಹೆಸರು ಯಾವುದರ ಇಡ್ರಿ, ನಂದೇನೂ ತಕರಾರಿಲ್ಲ. ಬಾಯಾಗ ಬಟ್ಟ ಮಾತ್ರ ಇಡಬ್ಯಾಡ್ರಿ."

ದ್ರಾಕ್ಷಾಯಣಿ ಬಾಗಿಲಲ್ಲಿದ್ದ ಗಂಡನನ್ನು ನೋಡಿದಳು, ಸೊಸೆಯ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ನೋಡಿದಳು.

"ತಾಯವ್ವ ಅನ್ನ," ಎಂದಳು.

ಜಗಳಕ್ಕೆಂದು ಮಾತು ಜೋಡಿಸಿಕೊಂಡು ನಿಂತಿದ್ದ ಚನಬಸಪ್ಪ ಬಾಗಿಲಿಂದ ಒಂದು ಹೆಜ್ಜೆ ಒಳಗೆ ಬಂದ. ಮಾಲಾ ಬಗ್ಗಿ ಕುರ್ರ್ ಎಂದಳು. ಸಿದ್ದಕ್ಕನ ಗುದ್ದು ಎಲ್ಲರಿಗಿಂತ ಜೋರಾಗಿತ್ತು.

ಊಟಕ್ಕೆ ಮುಂಚೆ ಹಿತ್ತಲ ನಲ್ಲಿಯ ಹತ್ತಿರ ದ್ರಾಕ್ಷಾಯಣಿ ಸಾಬೂನು ಹಚ್ಚಿ ಆ ಬೆರಳನ್ನು ತಿಕ್ಕುತ್ತಿದ್ದಳು. ಉಗುರಿನ ಸಂದಿಯನ್ನೂ ಬಿಡಲಿಲ್ಲ.

"ಹೆಸರಿಗೆ ಹೆದರಿದ್ದೆ ನೋಡ," ಎಂದಳು ನನಗೆ. "ಕೂಸಿಗೆ ಹತ್ತೀತು ಅಂತ. ಅದು ನನಗ ಯಾವಾಗ ಹತ್ತಿತ್ತೋ ಏನೋ. ಕೂಸಿಂದು ಅವರವ್ವ ಒರಸಿದ್ಲು. ನಂದು ಯಾರೂ ಒರಸಿರಲಿಲ್ಲ."

"ಸಾರಿನ ರುಚಿ ಯಾರ ನೋಡ್ಯಾರ?" ಎಂದು ಕೇಳಿದೆ. ಊಟ ಮಾಡಬೇಕಾದವಳಿಗೆ ಇದು ಮುಖ್ಯ ಪ್ರಶ್ನೆ.

ಆಕೆ ಬೆರಳಿಗೆ ಮತ್ತೊಮ್ಮೆ ಸಾಬೂನು ಹಚ್ಚಿದಳು. ನಾನು ಬರೀ ಚಪಾತಿ ತಿಂದು ಎದ್ದೆ.

ಮುಂದಿನ ಕಂತು ಫೋನಿನಲ್ಲಿ ಬಂದಾಗ ನಾನು ಅವರ ಅಂಗಡಿಯಲ್ಲೇ ಇದ್ದೆ. ಚನಬಸಪ್ಪ ತನ್ನ ಫೋನು ತೆರೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟು ತೋರಿಸಿದ. ಎರಡನೇ ಎಂಜಲವ್ವ ಹಾಸಿಗೆ ಹಿಡಿದಿದ್ದಾಳೆ. ಅಗಿದ ಎಲೆಅಡಿಕೆಯ ಮುದ್ದೆಯನ್ನು ಮೊಮ್ಮಗಳ ಬಾಯಿಗೆ ಒಯ್ಯುತ್ತಾಳೆ. ನಡುವೆ ಒದ್ದೆ ಬಟ್ಟೆ ಹಿಡಿದ ಒಂದು ಕೈ ಬರುತ್ತದೆ, ಬಳೆ ಮಾತ್ರ ಕಾಣುತ್ತದೆ. ಮುದ್ದೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಎಂಜಲವ್ವ ಸುತ್ತಲೂ ನೋಡುತ್ತಾಳೆ. ಕೊನೆಗೆ ತಾನೇ ನುಂಗುತ್ತಾಳೆ. ಮುಖ ಕನ್ನಡಿಯಲ್ಲಿ ನೋಡಿ ಬರೆದದ್ದೇ. ಈ ಸಲ ಕನ್ನಡಿಯನ್ನು ಚೆನ್ನಾಗಿ ತೊಳೆದಿದ್ದಳು.

"ಮುಗಿಸೇ ಬಿಟ್ಟಾಳ," ಎಂದ ಚನಬಸಪ್ಪ, ಬೇಜಾರಿನಿಂದ. "ಇನ್ನ ಯಾರೂ ಉಳದಿಲ್ಲ. ಕೊನೀ ಚಿತ್ರ ನೋಡ್ರಿ, ಭಾಳ ಚಲೋ ಬಂದೈತಿ."

ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಗಾಜಿನ ಮೇಲಿನ ಚಿತ್ರವನ್ನು ಮೇಲಕ್ಕೆ ಸರಿಸಿ, ಫೋನನ್ನು ನನ್ನತ್ತ ಚಾಚಿದ.

ನಾನು ಕೈ ಚಾಚಲಿಲ್ಲ.